ಡಿಸ್ಚಾರ್ಜ್ ಆದಮೇಲೆ ಕಾವೇರಿಗೆ ಏನಾಯ್ತು?

ಇವತ್ತು ಸಿನಿಮಾ ಬಗ್ಗೆ ಮಾತು, ಆದ್ರೆ ರಿವ್ಯೂ ಅಲ್ಲ.

ನಾನು ಮೆಡಿಕಲ್, ನರ್ಸಿಂಗ್ ವಿದ್ಯಾರ್ಥಿಗಳಿಗೆ ಮನೋರೋಗದ ಪಾಠ ಮಾಡುವವಳು. ಕ್ಲಾಸಿನಲ್ಲಿ ನಾನು ಹೆಚ್ಚು ಬಳಸುವ ಸಿನಿಮಾ 'ಶರಪಂಜರ'. ತ್ರಿವೇಣಿ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ನಿಮ್ಮ ಅಮ್ಮನನ್ನು ಕೇಳಿ, ಗೊತ್ತಿರುತ್ತೆ.

2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ವರ್ತನೆ, ನೈತಿಕತೆ, ಸಂವಹನ ಅಂತಲೇ ಒಂದು ಭಾಗ ಬಂದಿದೆ. ಅದನ್ನು ಬರೀ ಪಿಪಿಟಿ ಹಾಕಿ ಕಲಿಸಿದರೆ ಹಿಂದಿನ ಬೆಂಚಿನವರು ಮೊಬೈಲ್ ತೆಗೀತಾರೆ. ನೀವಾಗಿದ್ರೂ ತೆಗೀತಿದ್ರಿ.

ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತೆ. ಪುಸ್ತಕದಲ್ಲಿ ಇದು ಪೋಸ್ಟ್‌ಪಾರ್ಟಂ ಸೈಕೋಸಿಸ್: ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ 2 ವಾರದೊಳಗೆ, ತುರ್ತು ಚಿಕಿತ್ಸೆ ಬೇಕು. ಪರೀಕ್ಷೆಗೆ ಅಷ್ಟು ಸಾಕು. ನಾನು ತೋರಿಸೋದು ಆ ಭಾಗ ಅಲ್ಲ. ಆಕೆ ಗುಣವಾಗಿ ಮನೆಗೆ ಬಂದಮೇಲಿನ ಹತ್ತು ನಿಮಿಷ. ಎಲ್ಲರ ಕಣ್ಣೂ ಅವಳ ಮೇಲೆ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡ ಇನ್ನೊಬ್ಬಳ ಜೊತೆ ಇದ್ದಾನೆ ಅಂತ ಬರುವ ನ್ಯಾಯವಾದ ಸಿಟ್ಟೂ ಹುಚ್ಚಿನ ಲೆಕ್ಕಕ್ಕೇ ಹೋಗುತ್ತೆ. ಕೊನೆಗೆ ಆಕೆ ಮತ್ತೆ ಆಸ್ಪತ್ರೆಗೆ.

ಅಲ್ಲಿ ನಿಲ್ಲಿಸಿ ಕೇಳ್ತೀನಿ: ಕೇಸ್ ಶೀಟಲ್ಲಿ ಏನು ಬರೀತೀರಿ? 'ರಿಲ್ಯಾಪ್ಸ್' ಅಂತಾರೆ. ಸರಿ, ಡಿಸ್ಚಾರ್ಜ್ ದಿನ ಆ ಗಂಡನ ಹತ್ತಿರ ಯಾರು ಮಾತಾಡಿದ್ರು? ಕ್ಲಾಸು ತಣ್ಣಗಾಗುತ್ತೆ. ಒಮ್ಮೆ ಒಬ್ಬ ನರ್ಸಿಂಗ್ ಹುಡುಗಿ ಅಂದಳು, "ಮೇಡಂ, ಮಾತ್ರೆ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಅಂತ ಹೇಳಿ ಕಳಿಸ್ತೀವಿ, ಅಷ್ಟೆ."

ಆಮೇಲೆ ಒಬ್ಬರು ಡಾಕ್ಟರ್, ಒಬ್ಬರು ಅತ್ತೆ ಆಗಿ ಐದು ನಿಮಿಷ ಮಾತಾಡಬೇಕು. ಫಜೀತಿ ಶುರುವಾಗೋದೇ ಇಲ್ಲಿ. "ಪೇಷೆಂಟ್ ಸ್ಟೇಬಲ್ ಇದಾರೆ" ಅಂತ ಶುರು ಮಾಡ್ತಾರೆ. ಅತ್ತೆಗೆ ಬೇಕಿರೋದು ಬೇರೆ: ಮಗು ಅವಳ ಹತ್ತಿರ ಬಿಡಬಹುದಾ? ಸಿಟ್ಟು ಮಾಡಿದ್ರೆ ಮತ್ತೆ ಬಂತು ಅಂತಲಾ? ಇದಕ್ಕೆ ಕನ್ನಡದಲ್ಲಿ ಉತ್ತರ ಕೊಡೋಕೆ ಎಂಟೂವರೆ ಅಂಕದ ರ‍್ಯಾಂಕ್ ಸ್ಟೂಡೆಂಟೂ ತಡವರಿಸ್ತಾರೆ.

ಹಾಗಂತ ಸಿನಿಮಾನೇ ಪಾಠಪುಸ್ತಕ ಅಲ್ಲ. ಹಳೇ ಚಿತ್ರಗಳ ಶಾಕ್ ಟ್ರೀಟ್‌ಮೆಂಟ್ ನೋಡಿ ಹೆದರಿದವರು ಈಗಲೂ ಚಿಕಿತ್ಸೆ ಬೇಡ ಅಂತಾರೆ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಇದನ್ನು ಮೊದಲೇ ಹೇಳ್ತೀನಿ. ಮನೆಯಲ್ಲಿ ಇಂಥ ನೋವು ಇರೋರು ಎದ್ದು ಹೋಗಬಹುದು, ಕಾರಣ ಕೇಳಲ್ಲ.

ನಿಮ್ಮನೇಲಿ ಬಾಣಂತಿ ಇದ್ದು, ನಿದ್ದೆ ಪೂರ್ತಿ ಹೋಗಿ, ಮಾತು ಅಸಂಬದ್ಧ ಆಗ್ತಿದ್ರೆ 'ದೃಷ್ಟಿ' ಅಂತ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಯಾರನ್ನು ಕೇಳೋದು ಅಂತ ಗೊತ್ತಾಗದಿದ್ರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.