ಗಿನಿಪಿಗ್‌ನ ಕಾಲಡಿಯ ನೆಲ



ಗಿನಿಪಿಗ್ ಸಾಕುವವರು ಮೊದಲು ಪಂಜರದ ಅಂದ ನೋಡುತ್ತಾರೆ. ನೀವು ಅದರ ನೆಲ ನೋಡಿರಿ. ಈ ಪ್ರಾಣಿಯ ಅಂಗಾಲಿನಲ್ಲಿ ಕೂದಲಿಲ್ಲ. ತಂತಿ ಜಾಲರಿಯ ಮೇಲೋ ಒದ್ದೆ ನೆಲದ ಮೇಲೋ ದಿನಗಟ್ಟಲೆ ನಿಂತರೆ ಪಾದ ಬಾತು ಹುಣ್ಣಾಗುತ್ತದೆ. ಹುಣ್ಣು ಎಲುಬಿಗೆ ಇಳಿದರೆ ಪ್ರಾಣಕ್ಕೇ ಅಪಾಯ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಗಂಗಾವತಿಯ ರೈಸ್‌ಮಿಲ್ಲುಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕೋಳಿ ಫಾರಂಗಳಲ್ಲಿ ಹಾಸುವುದೂ ಅದನ್ನೇ. ಆದರೆ ಕೋಳಿಗೆ ಒಗ್ಗಿದ್ದು ಗಿನಿಪಿಗ್‌ಗೆ ಒಗ್ಗಲಿಕ್ಕಿಲ್ಲ. ಹೊಟ್ಟು ಮೂತ್ರವನ್ನು ಚೆನ್ನಾಗಿ ಹೀರುವುದಿಲ್ಲ. ಅದರ ಚೂಪು ತುದಿ ಕಣ್ಣಿಗೆ ಚುಚ್ಚುತ್ತದೆ, ಧೂಳು ಮೂಗಿಗೆ ಹೋಗುತ್ತದೆ. ಸಾಮಿಲ್ಲಿನ ನುಣ್ಣನೆಯ ಮರದ ಪುಡಿಯೂ ಬೇಡ.

ಹಾಗಾದರೆ ಏನು ಹಾಸಬೇಕು? ತಳ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಅದರ ಮೇಲೆ ಹಳೆಯ ದಿನಪತ್ರಿಕೆಯ ನಾಲ್ಕಾರು ಪದರು, ಮೇಲೆ ಮೆತ್ತನೆಯ ಒಣಹುಲ್ಲು. ಹಾಸಿದ ಹುಲ್ಲನ್ನೇ ಅದು ತಿನ್ನುವುದರಿಂದ ಬೂಸ್ಟು ಹಿಡಿದದ್ದನ್ನು ಹಾಕಬೇಡಿರಿ. ಒದ್ದೆಯಾದ ಭಾಗವನ್ನು ದಿನವೂ ತೆಗೆಯಿರಿ. ವಾರಕ್ಕೊಮ್ಮೆಯಾದರೂ ಎಲ್ಲ ಬದಲಿಸಿ, ತಳ ತೊಳೆದು ಒಣಗಿಸಿರಿ.

ಪಂಜರದ ಬಳಿ ಬಗ್ಗಿ ಉಸಿರೆಳೆದು ನೋಡಿರಿ. ನಿಮ್ಮ ಮೂಗಿಗೆ ಘಾಟು ಬಡಿದರೆ, ಆ ಜೀವ ಹಗಲಿರುಳು ಅದನ್ನೇ ಉಸಿರಾಡುತ್ತಿದೆ ಎಂದು ತಿಳಿಯಿರಿ. ಅದು ಬಾಯಿಬಿಟ್ಟು ಹೇಳಲಾರದು. ವಾರಕ್ಕೊಮ್ಮೆ ಎತ್ತಿಕೊಂಡು ಅದರ ಅಂಗಾಲು ನೋಡುವುದು ಸಾಕಿದವರ ಹೊಣೆ.