ಹಣ್ಣಿನ ನೊಣ ಮತ್ತು ಎಂಟು ಅಕ್ಷರಗಳ ಗುರುತು



ಜೇವರ್ಗಿ ತಾಲ್ಲೂಕಿನ ಕೊಳಕೂರಿನ ಅಡುಗೆಮನೆಯೇ ಆಗಲಿ, ಮೈಸೂರಿನ ಹಣ್ಣಿನ ಅಂಗಡಿಯೇ ಆಗಲಿ, ಬಾಳೆಹಣ್ಣು ಕಳಿತು ಹುಳಿ ವಾಸನೆ ಬಂದರೆ ಪುಟ್ಟ ನೊಣಗಳು ಮುತ್ತುತ್ತವೆ. ಇವೇ ಡ್ರೊಸೊಫಿಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇವುಗಳ ತಳಿಗಳನ್ನು ಗೋಧಿ ರವೆ, ಬೆಲ್ಲ, ಅಗರ್ ಬೇಯಿಸಿದ ಆಹಾರವಿಟ್ಟು ಸೀಸೆಗಳಲ್ಲಿ ದಶಕಗಳಿಂದ ಸಾಕುತ್ತಿದ್ದಾರೆ. ನೊಣಕ್ಕೆ ಇಷ್ಟೊಂದು ಜೋಪಾನ ಏಕೆ?

ಡಿ.ಎನ್.ಎ. ಎಂಬುದು ಎರಡೆಳೆಯ ಸುರುಳಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಇದರ ಕೆಲವು ತುಣುಕುಗಳು ಜಾಗ ಬದಲಿಸುತ್ತವೆ ಎಂಬುದನ್ನು ಮೆಕ್ಕೆಜೋಳದಲ್ಲಿ ಕಂಡುಹಿಡಿದ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನೊಣದಲ್ಲಿರುವ ಇಂಥ ಒಂದು ತುಣುಕೇ 'ಪಿ ಘಟಕ'. ಇದರ ಪೂರ್ಣ ಉದ್ದ 2,907 ಅಕ್ಷರ ಜೋಡಿಗಳು.

ಇದರ ಎರಡೂ ತುದಿಗಳಲ್ಲಿ 31 ಅಕ್ಷರಗಳ ಒಂದೇ ಸಾಲು, ತಿರುಗುಮುರುಗಾಗಿ ಇರುತ್ತದೆ. ಇದು ಘಟಕದ ಸ್ವಂತ ಭಾಗ. ಅದರಾಚೆ, ಎರಡೂ ಬದಿಗೆ, 8 ಅಕ್ಷರಗಳ ಇನ್ನೊಂದು ಸಾಲು ಒಂದೇ ದಿಕ್ಕಿನಲ್ಲಿ ಎರಡು ಸಲ ಕಾಣುತ್ತದೆ. ಇದು ಮಾತ್ರ ನೊಣದ ಸ್ವತ್ತು! ಒಂದಿದ್ದದ್ದು ಎರಡಾದದ್ದು ಹೇಗೆ?

ಹೊಸ ಜಾಗದಲ್ಲಿ ಕಿಣ್ವವು ಎರಡು ಎಳೆಗಳನ್ನು ನೇರವಾಗಿ ಎದುರುಬದುರು ಕತ್ತರಿಸುವುದಿಲ್ಲ; 8 ಅಕ್ಷರಗಳಷ್ಟು ಹಿಂದುಮುಂದಾಗಿ ಕತ್ತರಿಸುತ್ತದೆ. ನಡುವೆ ಘಟಕ ಸೇರಿದಾಗ ಎರಡೂ ಬದಿಯಲ್ಲಿ ಒಂದೊಂದು ಎಳೆ ಗಿಡ್ಡವಾಗಿರುತ್ತದೆ. ಎದುರಿನ ಎಳೆಯನ್ನು ನೋಡಿಕೊಂಡು ಜೀವಕೋಶ ಆ ತೆರವನ್ನು ತುಂಬುತ್ತದೆ. ಹೀಗೆ ಅದೇ 8 ಅಕ್ಷರಗಳು ಎರಡೂ ಕಡೆ ಮೂಡುತ್ತವೆ. ಹೊರಗಿನ ತುಣುಕೊಂದು ಇಲ್ಲಿ ಬಂದು ಸೇರಿತೆಂಬುದಕ್ಕೆ ಇದೇ ಗುರುತು.

ಈಗ ಸೀಸೆಗಳ ವಿಷಯಕ್ಕೆ ಬರೋಣ. 1977ರಲ್ಲಿ ಮಾರ್ಗರೆಟ್ ಕಿಡ್ವೆಲ್ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ವಿವರಿಸಿದರು. ಕಾಡಿನ ಗಂಡುನೊಣಕ್ಕೂ ಪ್ರಯೋಗಾಲಯದ ಹಳೆಯ ತಳಿಯ ಹೆಣ್ಣಿಗೂ ಹುಟ್ಟಿದ ಮರಿಗಳಲ್ಲಿ ಬಂಜೆತನ, ಉತ್ಪರಿವರ್ತನೆ ಹೆಚ್ಚು. ಗಂಡು ಹೆಣ್ಣು ಅದಲುಬದಲಾದರೆ ಈ ತೊಂದರೆ ಇಲ್ಲ. ಇದಕ್ಕೆ ಕಾರಣ ಪಿ ಘಟಕವೆಂದು ಆಮೇಲೆ ತಿಳಿಯಿತು. ದಶಕಗಳ ಹಿಂದೆ ಹಿಡಿದು ಸಾಕಿದ್ದ ತಳಿಗಳಲ್ಲಿ ಅದು ಇರಲೇ ಇಲ್ಲ! ಅಮೆರಿಕ ಖಂಡದ ಡ್ರೊಸೊಫಿಲ ವಿಲಿಸ್ಟೊನಿ ಎಂಬ ಬೇರೆ ಪ್ರಭೇದದಿಂದ ದಾಟಿ ಬಂದ ಅದು 20ನೆಯ ಶತಮಾನದಲ್ಲೇ ಲೋಕದ ಕಾಡುನೊಣಗಳಲ್ಲೆಲ್ಲ ಹರಡಿತ್ತು. 2015ರಲ್ಲಿ ಡ್ರೊಸೊಫಿಲ ಸಿಮುಲನ್ಸ್ ಪ್ರಭೇದದಲ್ಲೂ ಅದು ಕಂಡುಬಂತು.

ಜಿಗಿಯುವ ಈ ಗುಣವನ್ನೇ ಬಳಸಿ 1982ರಲ್ಲಿ ರೂಬಿನ್ ಮತ್ತು ಸ್ಪ್ರಾಡ್ಲಿಂಗ್ ನೊಣಕ್ಕೆ ಬೇಕಾದ ಜೀನನ್ನು ಸೇರಿಸಿ ತೋರಿಸಿದರು.

ಹಳೆಯ ಸೀಸೆಗಳನ್ನು ಯಾರೂ ಕಾಪಾಡದಿದ್ದರೆ ಪಿ ಘಟಕ ಮೊದಲಿನಿಂದಲೂ ಅಲ್ಲೇ ಇತ್ತೆಂದು ನಾವು ನಂಬಿಬಿಡುತ್ತಿದ್ದೆವು. ತಳಿಗಳನ್ನು ಜೋಪಾನ ಮಾಡುವುದು ಇದಕ್ಕಾಗಿಯೇ.