ರಾಮಗಢ ಕಟ್ಟಿದವರು ಯಾರು?

(ಅಲ್ ವುಕೈರ್‌ನಲ್ಲಿ ನಡೆದ ನಮ್ಮ ಶುಕ್ರವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಿನಿಮಾ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ ಅಂತ ಕಾರ್ಯದರ್ಶಿಗಳು ಹೇಳಿದರು. ನಾನು ಎಲೆಕ್ಟ್ರಿಷಿಯನ್. ಓದಿದ್ದು ಸರ್ಕಾರಿ ಐ.ಟಿ.ಐ. ವಿಮರ್ಶೆ ಮಾಡೋದು ನನ್ನ ಕೈಲಾಗಲ್ಲ. ಅದಕ್ಕೇ ಒಂದು ಸಿನಿಮಾ ಮಾಡೋಕೆ ಯಾರ್ಯಾರು ದುಡಿದರು ಅನ್ನೋದನ್ನ ಹೇಳ್ತೀನಿ. ಸಿನಿಮಾ ‘ಶೋಲೆ’. ಕನ್ನಡ ಕೂಟದಲ್ಲಿ ಹಿಂದಿ ಸಿನಿಮಾ ಯಾಕೆ ಅಂತ ಕೇಳಬೇಡಿ. ಅದರಲ್ಲಿರೋ ಬಂಡೆಗಳೆಲ್ಲ ನಮ್ಮವೇ.

ಅಮೆರಿಕದಲ್ಲಿ ಕುದುರೆ, ಬಂದೂಕು, ಧೂಳು ಇರೋ ಸಿನಿಮಾಗಳಿಗೆ ವೆಸ್ಟರ್ನ್ ಅಂತಾರೆ. 1954ರಲ್ಲಿ ಜಪಾನಿನ ಅಕಿರಾ ಕುರೊಸಾವಾ ‘ಸೆವೆನ್ ಸಮುರಾಯ್’ ತೆಗೆದರು. ಡಕಾಯಿತರ ಕಾಟಕ್ಕೆ ಸೋತ ಹಳ್ಳಿಯವರು ಕಾಳಗ ಬಲ್ಲವರನ್ನ ಕರೆಸ್ಕೊಳ್ಳೋ ಕಥೆ. ಅದನ್ನೇ 1960ರಲ್ಲಿ ಜಾನ್ ಸ್ಟರ್ಜಸ್ ಹಾಲಿವುಡ್‌ನಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಮಾಡಿದರು. ಆ ಗಾಳಿ ನಮ್ಮ ಕಡೆಗೂ ಬೀಸಿತು. ಸಲೀಂ-ಜಾವೇದ್ ಕಥೆ ಬರೆದರು, ಜಿ.ಪಿ. ಸಿಪ್ಪಿ ದುಡ್ಡು ಹಾಕಿದರು, ಅವರ ಮಗ ರಮೇಶ್ ಸಿಪ್ಪಿ ನಿರ್ದೇಶನ ಮಾಡಿದರು. ಏಳು ಜನ ಹೋಗಿ ಇಬ್ಬರಾದರು, ಜೈ ಮತ್ತು ವೀರು. ಡಕಾಯಿತನ ಜಾಗಕ್ಕೆ ಗಬ್ಬರ್ ಬಂದ.

ಅಮಿತಾಭ್, ಧರ್ಮೇಂದ್ರ, ಸಂಜೀವ್ ಕುಮಾರ್, ಹೇಮಾಮಾಲಿನಿ, ಜಯಾ ಇವರನ್ನ ನಾನು ಪರಿಚಯ ಮಾಡಿಸಬೇಕಾಗಿಲ್ಲ. ಗಬ್ಬರ್ ಪಾತ್ರ ಮೊದಲು ಡ್ಯಾನಿ ಡೆಂಜೋಂಗ್ಪಾಗೆ ಅಂತಿತ್ತು. ಅವರು ಬೇರೆ ಸಿನಿಮಾಗೆ ಅಫ್ಘಾನಿಸ್ತಾನಕ್ಕೆ ಹೋಗಬೇಕಾಯ್ತು. ಆ ಜಾಗಕ್ಕೆ ಅಷ್ಟು ಹೆಸರಿಲ್ಲದ ಅಮ್ಜದ್ ಖಾನ್ ಬಂದರು. ಆಮೇಲಿನದು ನಿಮಗೇ ಗೊತ್ತು. ಸಿನಿಮಾ ನೋಡದ ಮಕ್ಕಳಿಗೂ ಗಬ್ಬರ್ ಗೊತ್ತು.

ಈಗ ಜಾಗಕ್ಕೆ ಬರೋಣ. ಡಕಾಯಿತರ ಸಿನಿಮಾ ಅಂದ್ರೆ ಚಂಬಲ್ ಕಣಿವೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಕಲಾ ನಿರ್ದೇಶಕ ರಾಮ್ ಯೆಡೇಕರ್ ಮತ್ತು ತಂಡದವರು ಆರಿಸಿದ್ದು ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ದೂರದ ನಮ್ಮ ರಾಮನಗರ. ರೇಷ್ಮೆ ಗೂಡಿನ ಮಾರ್ಕೆಟ್ಟಿನ ಊರು. ರಾಮದೇವರ ಬೆಟ್ಟದ ಬುಡದಲ್ಲಿ ಮನೆ, ಬೀದಿ, ಗುಡಿ, ಮಸೀದಿ ಎಲ್ಲ ಇರೋ ಒಂದು ಇಡೀ ಹಳ್ಳಿ ಎಬ್ಬಿಸಿದರು. ಹೆದ್ದಾರಿಯಿಂದ ಅಲ್ಲಿವರೆಗೆ ದಾರಿ ಮಾಡಿದರು. 1973ರ ಅಕ್ಟೋಬರಿನಲ್ಲಿ ಶೂಟಿಂಗ್ ಶುರುವಾಯ್ತು, ಸಿನಿಮಾ ತೆರೆ ಕಂಡಿದ್ದು 1975ರ ಆಗಸ್ಟ್ 15ಕ್ಕೆ. ಜೈಲಿನ ಸೆಟ್ಟು ಮುಂಬೈಯಲ್ಲಿ, ರೈಲಿನ ಕಾಳಗ ಪನ್ವೇಲ್ ಕಡೆ. ಮಿಕ್ಕಿದ್ದು ಬಹುಪಾಲು ನಮ್ಮ ಬೆಟ್ಟದಲ್ಲೇ. ರಾಮನಗರ ಸುತ್ತಮುತ್ತಲ ಜನ ಗುಂಪಿನ ದೃಶ್ಯಗಳಲ್ಲಿ ನಿಂತಿದ್ದಾರೆ. ಅಲ್ಲಿ ಸಿಪ್ಪಿನಗರ ಅನ್ನೋ ಹೆಸರೂ ಬಂದಿತ್ತು.

ನನ್ನ ಕಸುಬಿಗೆ ಸೇರಿದ ಒಂದು ದೃಶ್ಯ ಹೇಳ್ಬೇಕು. ಸಂಜೆ ಜಯಾ ಹಜಾರದಲ್ಲಿ ಒಂದೊಂದೇ ದೀಪ ಆರಿಸ್ತಾ ಹೋಗ್ತಾರೆ, ಕೆಳಗೆ ಅಮಿತಾಭ್ ಮೌತ್ ಆರ್ಗನ್ ಊದ್ತಾ ಕೂತಿರ್ತಾರೆ. ಮಾತಿಲ್ಲ. ತೆರೆ ಮೇಲೆ ಸ್ವಲ್ಪವೇ ಹೊತ್ತು. ಅದನ್ನ ತೆಗೆಯೋಕೆ ಹಿಡಿದಿದ್ದು ಸುಮಾರು ಇಪ್ಪತ್ತು ದಿನ! ಯಾಕೆ? ಹೊತ್ತು ಮುಳುಗಿದ ಮೇಲೆ ಕತ್ತಲಾಗೋ ಮುಂಚೆ ಕೆಲವೇ ನಿಮಿಷ ಆಕಾಶದ ಬೆಳಕೂ ದೀಪದ ಬೆಳಕೂ ಸರಿಸಮ ಇರುತ್ತೆ. ಅದಕ್ಕಿಂತ ಮುಂಚೆ ತೆಗೆದರೆ ದೀಪ ಉರಿಯೋದೇ ಕಾಣಲ್ಲ. ಆಮೇಲೆ ತೆಗೆದರೆ ದೀಪ ಮಾತ್ರ ಕಾಣುತ್ತೆ, ಮನೆ ಕಾಣಲ್ಲ. ಕ್ಯಾಮೆರಾಮನ್ ದ್ವಾರಕಾ ದಿವೇಚಾ ಅವರಿಗೆ ಆ ಬೆಳಕೇ ಬೇಕಿತ್ತು. ಒಂದು ಸಂಜೆಗೆ ಒಂದೆರಡು ಶಾಟ್ ಸಿಕ್ಕರೆ ಪುಣ್ಯ. ಮೋಡ ಬಂತೋ, ನಾಳೆ ಸಂಜೆ ಮತ್ತೆ. ಅಷ್ಟೂ ಸಂಜೆ ದೀಪಕ್ಕೆ ಎಣ್ಣೆ ಹಾಕಿದವರು, ಬತ್ತಿ ಸರಿ ಮಾಡಿದವರು, ಲೈಟು ಹೊತ್ತವರು ಇದ್ದೇ ಇರಬೇಕಲ್ಲ? ಅವರ ಮುಖ ನಾವು ನೋಡಿಲ್ಲ.

ಇದರ ಜೊತೆಗೆ ನಗುವ ಮಾತೂ ಒಂದಿದೆ. ಊರಲ್ಲಿ ಕರೆಂಟ್ ಇಲ್ಲ, ಅದಕ್ಕೇ ದೀಪ. ಹಾಗಾದ್ರೆ ವೀರು ಕುಡಿದು ಹತ್ತೋ ನೀರಿನ ಟ್ಯಾಂಕಿಗೆ ನೀರು ಹೇಗೆ ಏರ್ತಿತ್ತು? ನಮ್ಮ ರೂಮಿನಲ್ಲಿ ಈ ಪ್ರಶ್ನೆ ಬಂದಾಗ ನನ್ನನ್ನೇ ಎಲ್ಲರೂ ನೋಡ್ತಾರೆ. ಡೀಸೆಲ್ ಪಂಪ್ ಇತ್ತು ಬಿಡ್ರಪ್ಪ ಅಂತ ಹೇಳಿ ಊರಿನ ಮರ್ಯಾದೆ ಉಳಿಸಿದ್ದೀನಿ.

ಬಸಂತಿ ಟಾಂಗಾ ಓಡಿಸೋ ದೃಶ್ಯಕ್ಕೆ ಟಾಕೀಸಿನಲ್ಲಿ ಎಷ್ಟು ಸಿಳ್ಳೆ! ಆ ಅಪಾಯದ ಓಟದಲ್ಲಿ ಹೇಮಾಮಾಲಿನಿ ಬದಲು ಲಗಾಮು ಹಿಡಿದವರು ರೇಷ್ಮಾ ಪಠಾಣ್ ಅನ್ನೋ ಸಾಹಸ ಕಲಾವಿದೆ. ಶೂಟಿಂಗ್‌ನಲ್ಲಿ ಅವರಿಗೆ ಪೆಟ್ಟೂ ಬಿತ್ತು. ಸಿಳ್ಳೆ ಹೊಡೆದವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತಿತ್ತು? ಅವರ ಜೀವನದ ಮೇಲೆ ಒಂದು ಸಿನಿಮಾ ಬಂದಿದ್ದು 2019ರಲ್ಲಿ, ನಲವತ್ತು ವರ್ಷ ದಾಟಿದ ಮೇಲೆ. ಇನ್ನೊಬ್ಬರು ಸಂಕಲನಕಾರ ಎಂ.ಎಸ್. ಶಿಂದೆ. ಅಷ್ಟು ದೊಡ್ಡ ನಟರಿದ್ದ ಸಿನಿಮಾಗೆ ಆ ವರ್ಷ ಬಂದ ಫಿಲ್ಮ್‌ಫೇರ್ ಪ್ರಶಸ್ತಿ ಒಂದೇ ಒಂದು. ಅದು ಕತ್ತರಿ ಹಿಡಿದ ಈ ಮನುಷ್ಯನಿಗೆ.

ಸ್ನೇಹಿತರೇ, ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ನಮ್ಮ ಕೆಲಸವೂ ಇಂಥದ್ದೇ. ಪೈಪು ಸ್ಲ್ಯಾಬಿನೊಳಗೆ ಹೋಗುತ್ತೆ, ಕೇಬಲ್ ಟ್ರೇ ಫಾಲ್ಸ್ ಸೀಲಿಂಗ್ ಮೇಲೆ ಹೋಗುತ್ತೆ. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳಲ್ಲ. ಕೆಟ್ಟರೆ ಮಾತ್ರ ಎಲ್ಲರೂ ಮೇಲೆ ನೋಡ್ತಾರೆ. ಪಕ್ಕದ ಅಲ್ ವಕ್ರಾದಲ್ಲಿ ಅಲ್ ಜನೂಬ್ ಸ್ಟೇಡಿಯಂ ಇದೆ. ನಕ್ಷೆ ಜಹಾ ಹದೀದ್ ಅವರದ್ದು ಅಂತ ಲೋಕಕ್ಕೇ ಗೊತ್ತು, ಗೊತ್ತಿರಬೇಕಾದ್ದೇ. ಆದರೆ ಕಬ್ಬಿಣ ಕಟ್ಟಿದವರು, ಲೈಟ್ ಏರಿಸಿದವರು? ಸಿನಿಮಾದಲ್ಲಿ ಹೆಸರಿನ ಪಟ್ಟಿಯಾದರೂ ಓಡುತ್ತೆ. ಕಟ್ಟಡಕ್ಕೆ ಆ ಪಟ್ಟಿ ಇಲ್ಲ.

ಇದು ಬರೀ ಮನಸ್ಸಿನ ನೋವಲ್ಲ, ಹೊಟ್ಟೆಪಾಡಿನ ವಿಷಯ. ನಾನು ಮೊದಲು ಇದ್ದ ಕಂಪನಿಯಲ್ಲಿ ನಾಲ್ಕು ವರ್ಷ ಡಿ.ಬಿ. ಕಟ್ಟಿದೆ, ಕೇಬಲ್ ಎಳೆದೆ, ಟೆಸ್ಟಿಂಗ್ ಮಾಡಿದೆ. ಬಿಡುವಾಗ ಕೊಟ್ಟ ಕಾಗದದಲ್ಲಿ ‘ಹೆಲ್ಪರ್’ ಅಂತಿತ್ತು. ಮುಂದಿನ ಕಡೆ ಸಂಬಳ ಹೆಲ್ಪರ್ ಲೆಕ್ಕದಲ್ಲೇ ಶುರುವಾಯ್ತು. ಐ.ಟಿ.ಐ. ಸರ್ಟಿಫಿಕೇಟ್ ಪೆಟ್ಟಿಗೆಯಲ್ಲೇ ಇತ್ತು. ಮನೆಗೆ ಕಳಿಸೋ ದುಡ್ಡಿನಲ್ಲಿ ಆ ಒಂದು ಪದದ ಬೆಲೆ ಏನು ಅಂತ ನನ್ನ ಹೆಂಡತಿಯನ್ನ ಕೇಳಿ.

ಅದಕ್ಕೇ ಹೇಳೋದು. ಕತಾರಿನ ಕಾರ್ಮಿಕ ಕಾನೂನು, ಅಂದ್ರೆ 2004ರ 14ನೇ ಕಾನೂನು, ಇದಕ್ಕೊಂದು ದಾರಿ ಇಟ್ಟಿದೆ. ಕೆಲಸ ಮುಗಿದಾಗ ನಾವು ಕೇಳಿದರೆ ಕಂಪನಿ ದುಡ್ಡಿಲ್ಲದೆ ಸರ್ವಿಸ್ ಸರ್ಟಿಫಿಕೇಟ್ ಕೊಡಬೇಕು. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ ಯಾವುದು, ಸಂಬಳ ಎಷ್ಟು, ಇಷ್ಟೂ ಅದರಲ್ಲಿ ಇರಬೇಕು. ಕೇಳಿದರೆ ಅನ್ನೋ ಮಾತು ನೆನಪಿರಲಿ. ವಿಮಾನದ ಟಿಕೆಟ್ ಕೈಗೆ ಬಂದ ಮೇಲೆ ಅವಸರದಲ್ಲಿ ಕೇಳಬೇಡಿ, ಮುಂಚೆಯೇ ಕೇಳಿ. ಮಾಡಿದ ಕೆಲಸದ ಹೆಸರು ಸರಿಯಾಗಿ ಬರೆದಿದ್ದಾರಾ ಓದಿ ನೋಡಿ. ಓದೋಕೆ ಬರದ ತಮ್ಮಂದಿರಿದ್ರೆ ನನ್ನ ಹತ್ರ ತನ್ನಿ, ಡ್ಯೂಟಿ ಮುಗಿಸಿ ಬಂದು ಓದಿ ಹೇಳ್ತೀನಿ. ಯಾವ ಸೈಟು, ಎಷ್ಟು ತಿಂಗಳು, ಏನು ಕೆಲಸ ಅಂತ ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದಿಟ್ಕೊಳ್ಳಿ.

ಕೊನೆಯದಾಗಿ ನಮ್ಮ ಪತ್ರಿಕೆ ನೋಡ್ಕೊಳ್ಳೋರಿಗೆ ಒಂದು ಬೇಡಿಕೆ. ಪ್ರತಿ ವರ್ಷ ಮುಂದಿನ ಪುಟಗಳಲ್ಲಿ ಅತಿಥಿಗಳ ಫೋಟೋ ಹಾಕ್ತೀವಿ, ಹಾಕೋಣ. ಮುಂದಿನ ಸಂಚಿಕೆಯಿಂದ ಕೊನೇ ಎರಡು ಪುಟ ನಮಗೂ ಕೊಡಿ. ಒಪ್ಪಿದ ಸದಸ್ಯರ ಹೆಸರು, ಊರು, ಕಸುಬು, ಕೈ ಹಾಕಿದ ಕಟ್ಟಡ, ಇಷ್ಟೇ. ಕಾರ್ಪೆಂಟರ್, ಪ್ಲಂಬರ್, ಡ್ರೈವರ್, ಮೇಸನ್, ಅಡುಗೆಯವರು ಎಲ್ಲರೂ ಇರಲಿ. ಪಟ್ಟಿ ಮಾಡೋ ಕೆಲಸ ನಾನೇ ವಹಿಸ್ಕೊಳ್ತೀನಿ. ಊಟ ಆದ ಮೇಲೆ ಬಾಗಿಲ ಹತ್ರ ಪೆನ್ನು ಪೇಪರ್ ಇಟ್ಕೊಂಡು ನಿಂತಿರ್ತೀನಿ, ಹೆಸರು ಬರೆಸಿಯೇ ಹೋಗಿ.